ಮಲಗಿಸೋದು ಸುಲಭ, ಎಬ್ಬಿಸೋದು ಕಷ್ಟ: ಕುದುರೆ, ಗ್ಯಾಸ್ ಮತ್ತು ಮುರಿದ ಕಾಲು

ಪುಣೆಯಲ್ಲಿ ಇಷ್ಟು ಜನ ಕನ್ನಡದವರನ್ನ ಒಂದೇ ಕಡೆ ನೋಡಿ ಖುಷಿ ಆಯ್ತು. ನಿಮ್ಮಲ್ಲಿ ಹೆಚ್ಚಿನವರು ಹಿಂಜವಡಿ, ಖರಾಡಿ ಕಡೆ ಸಾಫ್ಟ್‌ವೇರ್ ಕೆಲಸ ಮಾಡೋರು. ನಾನು ಪಶುವೈದ್ಯ. ಊರು ಸಾಗರ, ಓದಿದ್ದು ಬೀದರ್‌ನಲ್ಲಿ. ಆಪರೇಷನ್ ಮಾಡುವಾಗ ಕುದುರೆಗಳಿಗೆ ಅರಿವಳಿಕೆ ಕೊಡೋದು ನನ್ನ ಕೆಲಸ. "ಮಲಗಿಸೋಕೆ ಅಷ್ಟು ವರ್ಷ ಓದಬೇಕಾ?" ಅಂತ ಅಮ್ಮ ಈಗಲೂ ಕೇಳ್ತಾರೆ. "ಮಲಗಿಸೋಕಲ್ಲ ಅಮ್ಮ, ಎಬ್ಬಿಸೋಕೆ" ಅಂತೀನಿ. ಇವತ್ತು ಆ ಎಬ್ಬಿಸೋದರ ಬಗ್ಗೆನೇ ಮಾತಾಡ್ತೀನಿ.

ಮೊದಲು ಮಲಗಿಸೋದು ಹೇಗೆ ಅಂತ ನೋಡೋಣ. ರೇಸ್ ಕುದುರೆ ಅಂದ್ರೆ ಸುಮಾರು 450ರಿಂದ 500 ಕೆ.ಜಿ. ಮೊದಲು ಜೈಲಜಿನ್ ಕೊಟ್ಟು ಮಂಕು ಮಾಡ್ತೀವಿ, ಆಮೇಲೆ ಕೆಟಮಿನ್ ಕೊಟ್ಟು ಮಲಗಿಸ್ತೀವಿ. ಹೆಬ್ಬೆರಳಿಗಿಂತ ದಪ್ಪನೆಯ ನಳಿಗೆಯನ್ನ ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿಸ್ತೀವಿ. ಕಾಲುಗಳಿಗೆ ಪಟ್ಟಿ ಕಟ್ಟಿ, ಕ್ರೇನ್‌ನಿಂದ ಎತ್ತಿ ಟೇಬಲ್ ಮೇಲೆ ಇಡ್ತೀವಿ. ಅಲ್ಲಿಂದ ಮುಂದೆ ಆಕ್ಸಿಜನ್ ಜೊತೆ ಐಸೋಫ್ಲುರೇನ್ ಅನ್ನೋ ಗ್ಯಾಸ್. ಮೂಳೆ ಆಪರೇಷನ್ ಗಂಟೆಗಟ್ಟಲೆ ನಡೆಯುತ್ತೆ. ಅಷ್ಟು ಹೊತ್ತು ಬರೀ ಇಂಜೆಕ್ಷನ್ ಮೇಲೆ ಇಟ್ಟರೆ ಔಷಧಿ ಮೈಯಲ್ಲಿ ಸೇರ್ತಾ ಹೋಗುತ್ತೆ. ಗ್ಯಾಸ್ ಹಾಗಲ್ಲ. ಉಸಿರಲ್ಲಿ ಒಳಗೆ ಹೋಗುತ್ತೆ, ಉಸಿರಲ್ಲೇ ಹೊರಗೆ ಬರುತ್ತೆ. ನಾಬ್ ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು.

ಆದರೆ ಗ್ಯಾಸ್ ರಕ್ತದೊತ್ತಡ ಇಳಿಸುತ್ತೆ. ಅದರ ಜೊತೆಗೆ ಕುದುರೆಯ ಭಾರ ಬೇರೆ. ಬೆನ್ನ ಮೇಲೆ ಮಲಗಿಸಿದರೆ ಅಷ್ಟು ದೊಡ್ಡ ಹೊಟ್ಟೆ ಬಂದು ಶ್ವಾಸಕೋಶವನ್ನ ಒತ್ತುತ್ತೆ. ಮಗ್ಗುಲಾಗಿ ಮಲಗಿಸಿದರೆ ಕೆಳಗಿನ ಸ್ನಾಯುಗಳಿಗೆ ರಕ್ತ ಸಾಲಲ್ಲ. ಅದಕ್ಕೇ ಸರಾಸರಿ ರಕ್ತದೊತ್ತಡ 70ರ ಕೆಳಗೆ ಹೋಗದ ಹಾಗೆ ಡೊಬುಟಮಿನ್ ಹನಿ ಹನಿಯಾಗಿ ಕೊಡ್ತಾ ಕೂತಿರ್ತೀವಿ. ಎರಡು ಗಂಟೆ ಕಣ್ಣು ಮಾನಿಟರ್ ಮೇಲೆ. ಇದು ನಿಮಗೂ ಗೊತ್ತಿರೋ ಕೆಲಸನೇ ಬಿಡಿ.

ಇನ್ನು ಏಳೋದು. ನಾವು ಆಪರೇಷನ್ ಆದಮೇಲೆ ಹಾಸಿಗೇಲಿ ಮಲಗಿರ್ತೀವಿ, ನರ್ಸ್ ಬಂದು ಹೆಸರು ಕೇಳ್ತಾರೆ. ಕುದುರೆಗೆ ಇದೆಲ್ಲ ಅರ್ಥ ಆಗಲ್ಲ. ಅದು ಓಡಿ ಜೀವ ಉಳಿಸಿಕೊಳ್ಳೋ ಪ್ರಾಣಿ. ಎಚ್ಚರ ಆದ ತಕ್ಷಣ ಅದಕ್ಕೆ ಬರೋ ಒಂದೇ ಯೋಚನೆ, ಎದ್ದು ನಿಲ್ಲಬೇಕು. ತಲೆ ಇನ್ನೂ ತಿರುಗ್ತಿರುತ್ತೆ, ಹಿಂಗಾಲಿಗೆ ಶಕ್ತಿ ಬಂದಿರಲ್ಲ, ಆದರೂ ಹಾರಿ ಏಳುತ್ತೆ.

2002ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 41,824 ಕುದುರೆಗಳ ಲೆಕ್ಕ ಇದೆ. ಹೊಟ್ಟೆನೋವಿನ ತುರ್ತು ಕೇಸುಗಳನ್ನ ಬಿಟ್ಟರೂ, ಅರಿವಳಿಕೆ ಕೊಟ್ಟ ಏಳು ದಿನದೊಳಗೆ ನೂರಕ್ಕೆ ಸುಮಾರು ಒಂದು ಕುದುರೆ ಸತ್ತಿತ್ತು. ಆ ಸಾವುಗಳಲ್ಲಿ ಸುಮಾರು ಕಾಲು ಭಾಗಕ್ಕೆ ಕಾರಣ ಮೂಳೆ ಮುರಿತ. ಆರೋಗ್ಯವಂತ ಮನುಷ್ಯರಲ್ಲಿ ಅರಿವಳಿಕೆಯಿಂದಲೇ ಆಗೋ ಸಾವು ಲಕ್ಷಕ್ಕೆ ಒಂದರ ಆಸುಪಾಸು. ವ್ಯತ್ಯಾಸ ನೋಡಿ.

ಅಮೆರಿಕದಲ್ಲಿ ರಫಿಯನ್ ಅಂತ ಒಂದು ಹೆಣ್ಣು ಕುದುರೆ ಇತ್ತು. ಓಡಿದ ಹತ್ತೂ ರೇಸ್ ಗೆದ್ದಿತ್ತು. 1975ರ ಜುಲೈ 6ರಂದು ನ್ಯೂಯಾರ್ಕ್‌ನ ಬೆಲ್ಮಾಂಟ್ ಪಾರ್ಕ್‌ನಲ್ಲಿ ಓಡುವಾಗ ಬಲ ಮುಂಗಾಲು ಮುರೀತು. ರಾತ್ರಿ ಆಪರೇಷನ್ ಮಾಡಿ ಪ್ಲಾಸ್ಟರ್ ಹಾಕಿದ್ರು. ಎಚ್ಚರ ಆಗ್ತಿದ್ದ ಹಾಗೆ, ಮಲಗಿದಲ್ಲೇ ರೇಸ್ ಓಡ್ತಿರೋ ಥರ ಕಾಲು ಬೀಸೋಕೆ ಶುರು ಮಾಡ್ತು. ಸರಿಮಾಡಿದ್ದೆಲ್ಲ ಹಾಳಾಯ್ತು. ಕೊನೆಗೆ ದಯಾಮರಣ ಕೊಡಬೇಕಾಯ್ತು.

ಇದನ್ನ ನಾನು ಪುಸ್ತಕದಲ್ಲಿ ಓದಿದ್ದೆ. ಓದೋದು ಬೇರೆ, ನೋಡೋದು ಬೇರೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದು ಕುದುರೆಯ ಮಂಡಿಯಿಂದ ಮೂಳೆ ಚೂರು ತೆಗೆಯೋ ಆಪರೇಷನ್ ಇತ್ತು. ಸಣ್ಣದು, ಒಂದೂಕಾಲು ಗಂಟೆ. ಅದನ್ನ ನೋಡ್ಕೊಳ್ತಿದ್ದ ಸೈಸ್ ವಿಜಯಪುರದ ಕಡೆಯವರು, ನಾನು ಕಾಕಾ ಅಂತಿದ್ದೆ. ಬಾಗಿಲ ಹೊರಗೇ ಕೂತಿದ್ರು. "ಡಾಕ್ಟ್ರೇ, ಛಲೋ ಆತೇನ್ರಿ?" ಅಂದ್ರು. "ಎಲ್ಲ ಚೆನ್ನಾಗಾಯ್ತು ಕಾಕಾ, ಮನೆಗೆ ಫೋನ್ ಮಾಡಿ ಹೇಳಿ" ಅಂದೆ. ಅವರು ಮಾಡಿದ್ರು ಕೂಡ. ಅರ್ಧ ಗಂಟೆ ಆದಮೇಲೆ ಕುದುರೆ ಏಳೋಕೆ ಹೋಯ್ತು, ಜಾರಿತು, ಮತ್ತೆ ಎದ್ದಿತು. ಹಿಂಗಾಲು ಮುರಿದ ಸದ್ದು ಗೋಡೆಯಾಚೆ ನಿಂತಿದ್ದ ನನಗೂ ಕೇಳಿಸ್ತು, ಅವರಿಗೂ ಕೇಳಿಸ್ತು. ಕಾಕಾ ನನ್ನನ್ನ ಬೈಯಲಿಲ್ಲ. "ಮತ್ತ ಫೋನ್ ಮಾಡಬೇಕಲ್ರಿ" ಅಂದ್ರು, ಅಷ್ಟೇ.

ಔಷಧಿ ಲೆಕ್ಕ ಎಷ್ಟೋ ಸಲ ತೆಗೆದು ನೋಡಿದೆ. ತಪ್ಪು ಸಿಗಲಿಲ್ಲ. ತಪ್ಪಿದ್ದದ್ದು ನನ್ನ ಮಾತಲ್ಲಿ. ಮುಗಿಯದೇ ಇದ್ದದ್ದನ್ನ ಮುಗೀತು ಅಂದಿದ್ದೆ.

ಹಾಗಾದ್ರೆ ಏನು ಮಾಡಬಹುದು? ಗ್ಯಾಸ್ ಬೇಗ ಇಳಿದು ಕುದುರೆ ಬೇಗ ಎದ್ದರೆ ಒಳ್ಳೇದಲ್ವಾ ಅಂತ ಅನ್ನಿಸುತ್ತೆ. ಅಲ್ಲ. ಅರೆ ಎಚ್ಚರದಲ್ಲಿ ಎದ್ದರೇನೇ ಅಪಾಯ. ಅದಕ್ಕೆ ಗ್ಯಾಸ್ ನಿಲ್ಲಿಸಿದ ಮೇಲೆ ಸ್ವಲ್ಪ ಜೈಲಜಿನ್ ಕೊಟ್ಟು, ಗ್ಯಾಸ್ ಪೂರ್ತಿ ಹೊರಗೆ ಹೋಗೋ ತನಕ ಮಲಗಿಸಿಯೇ ಇಡ್ತೀವಿ. ಗೋಡೆ, ನೆಲಕ್ಕೆಲ್ಲ ದಪ್ಪ ಮ್ಯಾಟ್ ಹಾಕಿದ ಕೋಣೆ, ಮಂದ ಬೆಳಕು, ಮಾತಿಲ್ಲ. ತಲೆಗೊಂದು, ಬಾಲಕ್ಕೊಂದು ಹಗ್ಗ ಕಟ್ಟಿ ಹೊರಗಿನಿಂದ ಆಸರೆ ಕೊಡ್ತೀವಿ.

2006ರಲ್ಲಿ ಬಾರ್ಬರೊ ಅನ್ನೋ ಕುದುರೆಯ ಹಿಂಗಾಲು ಪ್ರೀಕ್‌ನೆಸ್ ರೇಸ್‌ನಲ್ಲಿ ಮುರಿದಾಗ, ಪೆನ್ಸಿಲ್ವೇನಿಯಾದ ನ್ಯೂ ಬೋಲ್ಟನ್ ಸೆಂಟರ್‌ನಲ್ಲಿ ಡೀನ್ ರಿಚರ್ಡ್ಸನ್ ಪ್ಲೇಟ್ ಮತ್ತು 27 ಸ್ಕ್ರೂ ಹಾಕಿ ಜೋಡಿಸಿದ್ರು. ಅದನ್ನ ಎಚ್ಚರ ಮಾಡಿದ್ದು ನೀರಲ್ಲಿ! ರಬ್ಬರ್ ತೆಪ್ಪದ ಮೇಲೆ, ಬೆಚ್ಚಗಿನ ಕೊಳದಲ್ಲಿ. ಕಾಲು ಎಷ್ಟು ಬೀಸಿದರೂ ಬಡಿಯೋದು ನೀರಿಗೆ ಮಾತ್ರ. ಆ ದಿನ ಅದು ಸುರಕ್ಷಿತವಾಗಿ ಎದ್ದಿತು. ಎಂಟು ತಿಂಗಳಾದ ಮೇಲೆ ಗೊರಸಿನ ಕಾಯಿಲೆಯಿಂದ ಅದಕ್ಕೂ ದಯಾಮರಣ ಕೊಡಬೇಕಾಯ್ತು, ಅದನ್ನ ಮುಚ್ಚಿಡಲ್ಲ. ಆದರೆ ಏಳೋ ಹೊತ್ತನ್ನ ದಾಟಿತ್ತು. 2021ರ ವರದಿಯಲ್ಲಿ, ಹೊಟ್ಟೆನೋವಿನ ಕೇಸು ಬಿಟ್ಟು, ಸಾವಿನ ಪ್ರಮಾಣ ಶೇ. 0.6ಕ್ಕೆ ಇಳಿದಿದೆ. ನಿಧಾನ, ಆದರೂ ಕಡಿಮೆ ಆಗ್ತಿದೆ.

ಈಗ ಯಾರಾದರೂ "ಆಯ್ತಾ ಡಾಕ್ಟ್ರೇ?" ಅಂದ್ರೆ, "ಆಪರೇಷನ್ ಆಯ್ತು, ಕುದುರೆ ಇನ್ನೂ ಎದ್ದಿಲ್ಲ" ಅಂತೀನಿ. ನಾಲ್ಕೂ ಕಾಲ ಮೇಲೆ ನಿಂತು, ನಡೆದು ಲಾಯಕ್ಕೆ ಹೋಗಿ, ಒಂದು ಬಾಯಿ ಹುಲ್ಲು ತಿಂದ ಮೇಲೇ ಫೋನ್ ಮಾಡಿ ಅಂತ ಹೇಳೋದು.

ಪ್ರಶ್ನೆ ಇದ್ರೆ ಕೇಳಿ.