ನಡಿಗೆಗೆ ಬೆಲೆ ತೆತ್ತ ಊರು



ನಡೆಯುವುದಕ್ಕೂ ಅನುದಾನ ಬೇಕೇ? ಮಲೆನಾಡಿನ ಕೃಷಿಕನಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಾಣಬಹುದು. ತೋಟಕ್ಕೆ, ಬೆಟ್ಟಕ್ಕೆ, ಶಾಲೆಗೆ, ಸಂತೆಗೆ ನಡೆದೇ ಬಾಳಿದ ಸಮಾಜವಿದು. ಆದರೆ ನಡಿಗೆಯನ್ನು ಒಮ್ಮೆ ಕಳೆದುಕೊಂಡ ಸಮಾಜವು ಅದನ್ನು ಮರಳಿ ಪಡೆಯಲು ಎಷ್ಟು ತೆರಬೇಕಾಗುತ್ತದೆ ಎಂಬುದಕ್ಕೆ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ನಗರವು ಒಂದು ನಿದರ್ಶನ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ನಗರಗಳು ಕಾರಿನ ಅಳತೆಗೆ ತಕ್ಕಂತೆ ಬೆಳೆದವು. ಮನೆಗಳು ಒಂದೆಡೆ, ಅಂಗಡಿಗಳು ಇನ್ನೊಂದೆಡೆ, ಶಾಲೆ ಮತ್ತೊಂದೆಡೆ. ನಡುವೆ ಅಗಲವಾದ ರಸ್ತೆ. ಅನೇಕ ಕಡೆ ಅದರ ಅಂಚಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. 1969ರಲ್ಲಿ ಅಲ್ಲಿನ 5ರಿಂದ 14 ವರ್ಷದ ಮಕ್ಕಳಲ್ಲಿ ಶೇಕಡಾ 48ರಷ್ಟು ಮಂದಿ ನಡೆದು ಅಥವಾ ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದರು. 2009ರ ವೇಳೆಗೆ ಆ ಪ್ರಮಾಣ ಶೇಕಡಾ 13ಕ್ಕೆ ಇಳಿದಿತ್ತು. ಸ್ಥೂಲಕಾಯ, ಮಧುಮೇಹಗಳ ಹೆಚ್ಚಳಕ್ಕೆ ಈ ಕುಳಿತ ಬದುಕೂ ಒಂದು ಕಾರಣವೆಂದು ವೈದ್ಯಲೋಕವು ಎಚ್ಚರಿಸತೊಡಗಿತು.

ಕೊಲಂಬಿಯಾ ಲಕ್ಷಕ್ಕೂ ಮೀರಿದ ಜನಸಂಖ್ಯೆಯ ವಿಶ್ವವಿದ್ಯಾಲಯದ ಊರು. ರೈಲು ನಿಂತುಹೋದ ಹಳೆಯ ಹಳಿಯ ಜಾಡೊಂದನ್ನು 1980ರ ದಶಕದಲ್ಲಿಯೇ ನಡೆದಾರಿಯಾಗಿಸಿಕೊಂಡ ಊರದು. 2003ರಲ್ಲಿ ರಾಬರ್ಟ್ ವುಡ್ ಜಾನ್ಸನ್ ಪ್ರತಿಷ್ಠಾನವು ಚಟುವಟಿಕೆಯ ಬದುಕನ್ನು ಉತ್ತೇಜಿಸಲು 25 ಸಮುದಾಯಗಳನ್ನು ಆರಿಸಿದಾಗ ಕೊಲಂಬಿಯಾವೂ ಅವುಗಳಲ್ಲಿ ಒಂದಾಯಿತು. ದೊರೆತದ್ದು ಐದು ವರ್ಷಗಳಿಗೆ 2 ಲಕ್ಷ ಡಾಲರ್. ರಸ್ತೆ ಕಟ್ಟುವವರ ಕಣ್ಣಿಗೆ ಅಲ್ಪ ಮೊತ್ತ.

ಆ ಅಲ್ಪ ಹಣ ಮಾಡಿದ ಕೆಲಸ ಗಮನಾರ್ಹವಾದುದು. ಪೆಡ್‌ನೆಟ್ ಎಂಬ ನಾಗರಿಕ ಸಂಸ್ಥೆಯು 'ನಡಿಗೆಯ ಶಾಲಾ ಬಸ್' ಆರಂಭಿಸಿತು. ಚಕ್ರವಿಲ್ಲದ, ಇಂಧನ ಬೇಡದ ಬಸ್ಸು ಅದು. ಹಿರಿಯರೊಬ್ಬರೋ ಕಾಲೇಜು ವಿದ್ಯಾರ್ಥಿಯೋ ನಿಗದಿತ ದಾರಿಯಲ್ಲಿ ನಡೆದು ಬರುತ್ತಾರೆ. ಮನೆಮನೆಯ ಮಕ್ಕಳು ಬಂದು ಸೇರಿಕೊಳ್ಳುತ್ತಾರೆ. ಗುಂಪು ಶಾಲೆ ತಲಪುತ್ತದೆ. 2004ರಲ್ಲಿ ನಗರಸಭೆಯು ಹೊಸ ಬೀದಿಗಳ ನಿರ್ಮಾಣದ ನಿಯಮವನ್ನೇ ತಿದ್ದಿತು. ವಾಹನದ ಹಾದಿ ಕಿರಿದಾಗಬೇಕು, ಪಾದಚಾರಿಯ ಹಾದಿ ಅಗಲವಾಗಬೇಕು ಎಂಬುದು ಆ ತಿದ್ದುಪಡಿಯ ತಿರುಳು.

2005ರಲ್ಲಿ ದೊಡ್ಡ ಹಣ ಬಂತು. ಒಕ್ಕೂಟ ಸರ್ಕಾರದ ಸಾರಿಗೆ ಕಾಯಿದೆಯು ನಾಲ್ಕು ಸಮುದಾಯಗಳಿಗೆ ತಲಾ 2.5 ಕೋಟಿ ಡಾಲರ್ ನೀಡಿತು. ಅಂದಿನ ಲೆಕ್ಕದಲ್ಲಿ ಅದು ನೂರು ಕೋಟಿ ರೂಪಾಯಿಗೂ ಮಿಕ್ಕ ಮೊತ್ತ. ಕೊಲಂಬಿಯಾದೊಡನೆ ಮಿನಿಯಾಪೊಲಿಸ್, ಮರಿನ್ ಮತ್ತು ಶೆಬಾಯ್ಗನ್ ಕೌಂಟಿಗಳೂ ಈ ಪ್ರಯೋಗದಲ್ಲಿದ್ದವು. ಪಾದಚಾರಿ ಮಾರ್ಗ, ಸೈಕಲ್ ಪಥ, ಸುರಕ್ಷಿತ ದಾಟುತಾಣಗಳು ನಿರ್ಮಾಣವಾದವು. 2007ರಿಂದ 2010ರ ಅವಧಿಯಲ್ಲಿ ನಾಲ್ಕೂ ಕಡೆಯ ಎಣಿಕೆಯಲ್ಲಿ ಪಾದಚಾರಿಗಳು ಸರಾಸರಿ ಶೇಕಡಾ 22ರಷ್ಟು, ಸೈಕಲ್ ಸವಾರರು ಶೇಕಡಾ 49ರಷ್ಟು ಹೆಚ್ಚಿದರು.

ಈ ಅಂಕಿಗಳಿಗೆ ಬೆರಗಾಗುವ ಮುನ್ನ ಒಂದು ಮಾತನ್ನು ಗಮನಿಸಬೇಕು. ಅನುದಾನಕ್ಕೆ ಅವಧಿಯಿದೆ, ಅದು ಮುಗಿಯುತ್ತದೆ. ನಡಿಗೆಯ ಬಸ್ಸಿಗೆ ಪ್ರತಿ ವರ್ಷವೂ ಹೊಸ ಕೈಗಳು ಬೇಕು. ಕಟ್ಟಿದ ಹಾದಿಗೆ ದುರಸ್ತಿ ಬೇಕು. ಹಣ ತೀರಿದ ಮೇಲೂ ತಾನಾಗಿ ಕೆಲಸ ಮಾಡುವುದು ನಿಯಮ ಮಾತ್ರ. ಬೀದಿಯ ಅಳತೆಯನ್ನು ತಿದ್ದಿದ ಮೇಲೆ ಹೊಸ ಬಡಾವಣೆ ಕಟ್ಟುವವನು ಅದಕ್ಕೆ ತಲೆಬಾಗಲೇಬೇಕು. ಎರಡು ಲಕ್ಷದ ಕಾಲದಲ್ಲಿ ಗಳಿಸಿದ ನಿಯಮವು ಎರಡೂವರೆ ಕೋಟಿಯ ಕಾಮಗಾರಿಗಿಂತ ದೀರ್ಘಾಯುವಾಗಬಲ್ಲದು.

ಮಲೆನಾಡಿಗೆ ಇದರಿಂದ ಬರುವ ಪಾಠವೇನು? ಅಲ್ಲಿ ಕಳೆದುಹೋದದ್ದನ್ನು ಕೊಂಡುಕೊಳ್ಳಬೇಕಾಯಿತು. ಇಲ್ಲಿ ಕಳೆದುಹೋಗುತ್ತಿರುವುದನ್ನು ಇನ್ನೂ ಉಳಿಸಿಕೊಳ್ಳಬಹುದು. ರಸ್ತೆ ಅಗಲವಾದಂತೆ ಅಂಚಿನ ನಡೆದಾರಿ ಮಾಯವಾಗುತ್ತದೆ. ಜನ ಓಡಾಡದ ಕಾಲುದಾರಿಯನ್ನು ಪೊದೆ ನುಂಗುತ್ತದೆ, ಆಮೇಲೆ ಬೇಲಿ ನುಂಗುತ್ತದೆ. ಮಳೆಗಾಲದಲ್ಲಿ ಹಳ್ಳ ದಾಟುವ ಕಾಲುಸಂಕ ಮುರಿದರೆ ಮಗುವಿನ ಶಾಲೆಯೇ ದೂರವಾಗುತ್ತದೆ; ಕೆಲವೊಮ್ಮೆ ಜೀವಕ್ಕೇ ಎರವಾಗುತ್ತದೆ.

ಗ್ರಾಮನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳ ಗುರುತುಗಳಿವೆ. ವಿದ್ಯಾರ್ಥಿಗಳು ಅದನ್ನು ಕೈಯಲ್ಲಿ ಹಿಡಿದು ಊರಿನ ದಾರಿಗಳನ್ನು ನಡೆದು ನೋಡಲಿ. ಯಾವುದು ಉಳಿದಿದೆ, ಯಾವುದು ಮುಚ್ಚಿದೆ, ಎಲ್ಲಿ ಸಂಕ ಬೇಕು ಎಂಬುದನ್ನು ಬರೆದಿಡಲಿ. ಹಿರಿಯರು ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಮಂಡಿಸಿ ನಡಾವಳಿಯಲ್ಲಿ ದಾಖಲಿಸಲಿ. ಇದಕ್ಕೆ ಯಾವ ಪ್ರತಿಷ್ಠಾನದ ಅನುದಾನವೂ ಬೇಕಿಲ್ಲ. ಮಳೆ ಹಿಡಿಯುವ ಮುನ್ನ ಕೆಲವು ಭಾನುವಾರಗಳು ಸಾಕು.