ನೆಂಟರು ಬಂದಾಗ: ನಮ್ಮ ರೊಟ್ಟಿ, ನಮ್ಮ ಹಾಡು

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)

 

ಇಂಥ ಸಭೆಗಳಲ್ಲಿ ಶಿಕ್ಷಕರಾದವರು ಪರೀಕ್ಷೆಯ ಫಲಿತಾಂಶದ ಬಗ್ಗೆ, ವಿದ್ಯಾರ್ಥಿವೇತನದ ಬಗ್ಗೆ ಮಾತನಾಡುವುದು ವಾಡಿಕೆ. ಇವತ್ತು ನಾನು ನಿಮ್ಮ ಮನೆಯೊಳಗಿನ ಒಂದು ಸಣ್ಣ ಸಂಗತಿಯನ್ನು ಎತ್ತಿಕೊಂಡಿದ್ದೇನೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಎಷ್ಟೋ ಮನೆಗಳವರು ದುಡಿಮೆಗಾಗಿ ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರು ಸೇರಿದ್ದಾರೆ. ಶನಿವಾರ, ರವಿವಾರ ಎರಡು ದಿನದ ಮಟ್ಟಿಗೆ ಖಾಲಾ, ಫೂಫಿ, ಮಾಮು ಮಕ್ಕಳನ್ನು ಕರೆದುಕೊಂಡು ಊರಿಗೆ ಬರುತ್ತಾರೆ. ಅವರ ಮುಂದೆ ನಾವು ಏನನ್ನು ಇಡುತ್ತೇವೆ? ನನ್ನ ಪ್ರಶ್ನೆ ಇಷ್ಟೇ.

ಅತಿಥಿ ಸತ್ಕಾರ ಮೂರು ದಿನದ್ದು ಎಂದು ಹದೀಸಿನಲ್ಲಿ ಹೇಳಲಾಗಿದೆ. ಅದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. ಸಾಲ ಮಾಡಿಯಾದರೂ ನೆಂಟರಿಗೆ ಬಿರಿಯಾನಿ ಮಾಡಿಸುತ್ತಾರೆ, ತಂಪು ಪಾನೀಯದ ಬಾಟಲಿ ತರಿಸುತ್ತಾರೆ. ಆದರೆ ದಿನಾ ಉಣ್ಣುವ ಜೋಳದ ರೊಟ್ಟಿಯನ್ನು ಮಾತ್ರ ಅಡುಗೆಮನೆಯಲ್ಲೇ ಮುಚ್ಚಿಡುತ್ತಾರೆ. "ನೆಂಟರಿಗೆ ರೊಟ್ಟಿ ಹಾಕುವುದೇ?" ಎಂಬ ಸಂಕೋಚ. ಊಟವಾದ ಮೇಲೆ ಒಬ್ಬೊಬ್ಬರೂ ಒಂದೊಂದು ಮೊಬೈಲ್ ಹಿಡಿದು ಕೂಡುತ್ತಾರೆ. ನಗರದಿಂದ ಬಂದ ಹುಡುಗ ಶುದ್ಧ ಉರ್ದುವಿನಲ್ಲಿ, ಇಂಗ್ಲಿಷಿನಲ್ಲಿ ಮಾತನಾಡಿದರೆ ನಮ್ಮ ಹುಡುಗ ತನ್ನ ದಖನಿ, ತನ್ನ ಕನ್ನಡ ಎರಡನ್ನೂ ನುಂಗಿಕೊಂಡು ಬಾಗಿಲ ಹಿಂದೆ ನಿಲ್ಲುತ್ತಾನೆ. ರೊಟ್ಟಿಯನ್ನು ಮುಚ್ಚಿಟ್ಟ ಮನೆಯಲ್ಲಿ ಮಗು ತನ್ನ ಮಾತನ್ನೂ ಮುಚ್ಚಿಡಲು ಕಲಿಯುತ್ತದೆ. ಎರಡೂ ಭಾಷೆಗಳನ್ನು ಕಲಿಸುವ ನನಗೆ ಇದು ಚಿಂತೆಯ ವಿಷಯ.

ಮೊದಲು ರೊಟ್ಟಿಯ ಮಾತು. ನಮ್ಮ ಕರಿಮಣ್ಣಿನ ಹೊಲಗಳಲ್ಲಿ ಮಳೆಗಾಲದ ಕೊನೆಗೆ ಬಿತ್ತಿದ ಬಿಳಿಜೋಳ ಮಣ್ಣಿನಲ್ಲಿ ಉಳಿದ ತೇವದ ಮೇಲೆಯೇ ಬೆಳೆಯುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟಿನ ಗುಣವಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ, ಚೆನ್ನಾಗಿ ನಾದಿ, ಲಟ್ಟಣಿಗೆ ಮುಟ್ಟದೆ ಕೈಯಿಂದಲೇ ಬಡಿಯಬೇಕು. ಹಂಚಿನ ಮೇಲೆ ಹಾಕಿದ ಕೂಡಲೇ ನೀರು ಸವರಬೇಕು. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ, ಕೈಯಿಂದ ಕೈಗೆ ಬರುವ ವಿದ್ಯೆ. ವಿಶ್ವಸಂಸ್ಥೆ 2023ನೇ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆ ಧಾನ್ಯಗಳಲ್ಲಿ ಜೋಳವೂ ಒಂದು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಜಗತ್ತು ಗೌರವಿಸಿದ್ದನ್ನು ನೆಂಟರಿಗೆ ಬಡಿಸಲು ನಮಗೇಕೆ ನಾಚಿಕೆ?

ಬಿಸಿ ರೊಟ್ಟಿ, ನಮ್ಮ ಬೇಳೆಯ ಖಟ್ಟಿ ದಾಲ್, ಶೇಂಗಾ ಹಿಂಡಿ, ಅಗಸಿ ಹಿಂಡಿ, ಎಣ್ಣೆಗಾಯಿ, ಪುಂಡಿಪಲ್ಯ. ಈ ಪುಂಡಿಪಲ್ಯವೇ ನಮ್ಮ ಮನೆಮಾತಿನ ಅಂಬಾಡೇ ಕಿ ಭಾಜಿ. ಒಂದೇ ಸೊಪ್ಪು, ಎರಡು ಹೆಸರು. ಎರಡೂ ಹೆಸರು ಬಲ್ಲ ಮಗು ಬಡವನಲ್ಲ. ಬಿರಿಯಾನಿ ಬೇಡವೆಂದು ನಾನು ಹೇಳುತ್ತಿಲ್ಲ. ಒಂದು ಹೊತ್ತಿಗೆ ನಮ್ಮ ಕಡೆಯ ತಹರಿ ಇರಲಿ, ಇನ್ನೊಂದು ಹೊತ್ತಿಗೆ ರೊಟ್ಟಿ ಇರಲಿ. ಎಳ್ಳಮವಾಸ್ಯೆಯ ಸುಮಾರಿಗೆ ಬಂದರೆ ನೆರೆಯ ರೈತರು ಹೊಲಕ್ಕೆ ಕರೆದು ಭಜ್ಜಿ, ಸಜ್ಜಿರೊಟ್ಟಿ ಉಣ್ಣಿಸುತ್ತಾರೆ. ಜಾತಿ, ಧರ್ಮ ಕೇಳದ ಆ ಪಂಕ್ತಿಯಲ್ಲಿ ನಿಮ್ಮ ನೆಂಟರನ್ನೂ ಕೂಡಿಸಿರಿ.

ಇನ್ನು ಹಾಡಿನ ಮಾತು. ರೊಟ್ಟಿಗೂ ಹಾಡಿಗೂ ಏನು ಸಂಬಂಧ ಎಂದು ಕೇಳಬಹುದು. ಎರಡೂ ಹುಟ್ಟಿದ್ದು ಬೀಸುಕಲ್ಲಿನ ಮುಂದೆ. ಗಿರಣಿ ಬರುವ ಮೊದಲು ನಮ್ಮ ನಾನಿ, ದಾದಿಯರು ನಸುಕಿನಲ್ಲಿ ಎದ್ದು ಜೋಳ ಬೀಸುತ್ತಿದ್ದರು. ಆ ದಣಿವು ಮರೆಯಲು ಹಾಡುತ್ತಿದ್ದರು. ದಖನಿಯಲ್ಲಿ ಸೂಫಿಗಳು ಇದಕ್ಕಾಗಿಯೇ ಚಕ್ಕಿನಾಮಾಗಳನ್ನು, ನೂಲುವವರಿಗಾಗಿ ಚರಖಾನಾಮಾಗಳನ್ನು ಕಟ್ಟಿಕೊಟ್ಟರು. ಒಂದು ಚಕ್ಕಿನಾಮಾದಲ್ಲಿ ಬೀಸುಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಲಾಗಿದೆ. ಶಾಲೆಯ ಮುಖ ನೋಡದ ತಾಯಿಗೆ ಬೀಸುಕಲ್ಲೇ ಅಲಿಫ್ ಕಲಿಸಿತು! ದಖನ್ನಿನ ಹಳ್ಳಿಗಳಿಗೆ ಸೂಫಿ ವಿಚಾರ ತಲುಪಿದ್ದು ದೊಡ್ಡ ಗ್ರಂಥಗಳಿಗಿಂತ ಹೆಚ್ಚಾಗಿ ಹೆಣ್ಣುಮಕ್ಕಳ ಇಂಥ ಹಾಡುಗಳ ಮೂಲಕ ಎಂದು ಇತಿಹಾಸಕಾರ ರಿಚರ್ಡ್ ಈಟನ್ ಅವರು ಬಿಜಾಪುರದ ಸೂಫಿಗಳನ್ನು ಕುರಿತು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದ್ದಾರೆ.

ಅದೇ ಹೊತ್ತಿನಲ್ಲಿ ಪಕ್ಕದ ಮನೆಯ ಅವ್ವ ಕನ್ನಡದ ಬೀಸುವ ಪದ ಹಾಡುತ್ತಿದ್ದಳು. ಇಂಥ ತ್ರಿಪದಿಗಳನ್ನು ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಮನೆಮನೆ ತಿರುಗಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ಅವರು ಹಳ್ಳಿಯ ತರುಣರು. ಅವರು ಬರೆದುಕೊಂಡಿದ್ದರಿಂದ ಆ ಹಾಡುಗಳು ಉಳಿದವು.

ಗಂಡಸರ ಹಾಡುಗಳೂ ಉಂಟು. ಕಡಕೋಳ ಮಡಿವಾಳಪ್ಪನವರು ಹುಟ್ಟಿದ್ದು ಅಫಜಲಪುರ ತಾಲೂಕಿನ ಬಿದನೂರಿನಲ್ಲಿ, ನೆಲೆಸಿದ್ದು ಹಿಂದೆ ಜೇವರ್ಗಿ ತಾಲೂಕಿಗೆ ಸೇರಿದ್ದು ಈಗ ಯಡ್ರಾಮಿ ತಾಲೂಕಿನಲ್ಲಿರುವ ಕಡಕೋಳದಲ್ಲಿ. ಅವರ ಶಿಷ್ಯರಲ್ಲಿ ಖೈನೂರ ಕೃಷ್ಣಪ್ಪನವರಿದ್ದರು, ಚೆನ್ನೂರ ಜಲಾಲಸಾಹೇಬರೂ ಇದ್ದರು. ಮುಸಲ್ಮಾನರೊಬ್ಬರು ಕನ್ನಡದಲ್ಲಿ ತತ್ವಪದ ಕಟ್ಟಿದ್ದಕ್ಕೆ ಧಾರವಾಡ ಸೀಮೆಯ ಶಿಶುನಾಳ ಶರೀಫಸಾಹೇಬರ ಹೆಸರನ್ನು ನಮ್ಮ ಮಕ್ಕಳು ಹೇಳುತ್ತಾರೆ. ಅದು ಸಂತೋಷ. ಆದರೆ ನಮ್ಮದೇ ಸೀಮೆಯ ಜಲಾಲಸಾಹೇಬರ ಹೆಸರು ಎಷ್ಟು ಮಕ್ಕಳಿಗೆ ಗೊತ್ತು? ಏಕತಾರಿ, ದಮ್ಮಡಿ ಹಿಡಿದು ಈ ಪದಗಳನ್ನು ಹಾಡುವ ಭಜನೆಯವರು ಇಂದಿಗೂ ಇದ್ದಾರೆ. ಮೊಹರಮ್ ಬಂದರೆ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ ಪದಗಳಲ್ಲಿ ಹಿಂದೂ ಮುಸ್ಲಿಮರು ಕೂಡಿಯೇ ಹಾಡುತ್ತಾರೆ.

ಆಳಂದ ತಾಲೂಕಿನಿಂದ ಹರಿದು ಬರುವ ಅಮರ್ಜಾ, ಅಫಜಲಪುರ ತಾಲೂಕಿನ ಗಾಣಗಾಪುರದ ಹತ್ತಿರ ಭೀಮೆಯನ್ನು ಕೂಡುತ್ತದೆ. ಆ ಭೀಮೆಯೇ ಮುಂದೆ ಜೇವರ್ಗಿಯ ಕಡೆಗೆ ಸಾಗುತ್ತದೆ. ಕೂಡಿದ ಮೇಲೆ ಇದು ಯಾವ ನೀರು ಎಂದು ಯಾರೂ ಬೇರ್ಪಡಿಸಲಾರರು. ನಮ್ಮ ಮಾತು, ಊಟ, ಹಾಡುಗಳೂ ಹಾಗೆಯೇ.

ವಾದ್ಯದ ಸಂಗೀತ ನಮ್ಮ ಮನೆಗೆ ಸರಿಹೋಗದು ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಅಭಿಪ್ರಾಯಕ್ಕೆ ನನ್ನ ಗೌರವವಿದೆ. ಚಕ್ಕಿಯ ಹಾಡಿಗೆ ವಾದ್ಯ ಬೇಕಿಲ್ಲ, ಕಲ್ಲಿನ ಸಪ್ಪಳವೇ ಅದರ ಶ್ರುತಿ. ನಾತ್ ಹಾಡಲು, ಲಾಲಿ ಹಾಡಲು ಏನೂ ಬೇಕಿಲ್ಲ. ಯಾವ ಮನೆಗೆ ಯಾವುದು ಒಪ್ಪುವುದೋ ಅದನ್ನು ಹಾಡಲಿ, ಆದರೆ ಮನೆ ಮೂಕವಾಗುವುದು ಬೇಡ.

ತಾಯಂದಿರಲ್ಲಿ ಇನ್ನೊಂದು ಮಾತು. ನೆಂಟರು ಬಂದ ಎರಡು ದಿನವೂ ಅಡುಗೆಮನೆಯಿಂದ ಹೊರಬಾರದವರು ನೀವೇ. ಹಾಡು ಗೊತ್ತಿರುವವರೂ ನೀವೇ. ಆದ್ದರಿಂದ ಗಂಡಸರು, ಹುಡುಗರು ಒಲೆಯ ಹತ್ತಿರ ಬರಲಿ. ನೀರು ತುಂಬಲಿ, ಹಿಂಡಿ ಕುಟ್ಟಲಿ, ತಾಟು ತೊಳೆಯಲಿ. ನಗರದ ಹುಡುಗನ ಕೈಗೂ ಒಂದು ಹಿಟ್ಟಿನ ಉಂಡೆ ಕೊಡಿರಿ. ಅವನ ರೊಟ್ಟಿ ಹರಿದಾಗ ನಮ್ಮ ಹುಡುಗಿ ತಿದ್ದಿ ತೋರಿಸಲಿ. ಆ ಹೊತ್ತಿಗೆ ಅವಳು ಶಿಕ್ಷಕಿ, ಅವನು ವಿದ್ಯಾರ್ಥಿ. ಬಾಗಿಲ ಹಿಂದೆ ನಿಂತ ಮಗು ಮುಂದೆ ಬರುವುದು ಹೀಗೆ.

ವಿದ್ಯಾರ್ಥಿಗಳೆ, ಕೊನೆಯದಾಗಿ ನಿಮಗೊಂದು ಕೆಲಸ. ಬೀಸುಕಲ್ಲು ಮೂಲೆ ಸೇರಿ ಬಹಳ ವರ್ಷಗಳಾದವು. ಕಲ್ಲಿನ ಜೊತೆಗೆ ಹಾಡಿದ ಕೈಗಳಿಗೆ ಈಗ ವಯಸ್ಸಾಗಿದೆ. ಮುಂದಿನ ಸಲ ನೆಂಟರು ಬಂದಾಗ ಊಟವಾದ ಮೇಲೆ ದಾದಿಯನ್ನು ನಡುವೆ ಕೂಡಿಸಿರಿ. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿರಿ. ಅವರು ಹಾಡಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆಯಿರಿ, ಬಂದರೆ ಉರ್ದು ಅಕ್ಷರದಲ್ಲಿಯೂ ಬರೆಯಿರಿ. ಹಾಡಿದವರ ಹೆಸರು, ಊರು, ತಾರೀಖು ನಮೂದಿಸಿರಿ. ಅವರು ಒಪ್ಪಿದರೆ ಅದೇ ಮೊಬೈಲಿನಲ್ಲಿ ದನಿಯನ್ನೂ ಹಿಡಿದಿಡಿರಿ. ಅರ್ಥ ತಿಳಿಯದ ಪದಕ್ಕೆ ಗೆರೆ ಎಳೆದು ಶಾಲೆಗೆ ತನ್ನಿರಿ, ಕೂಡಿ ಹುಡುಕೋಣ. ಮುಂದಿನ ವರ್ಷದ ಸಂಚಿಕೆಯಲ್ಲಿ ಅಂಥ ಹತ್ತು ಹಾಡುಗಳಾದರೂ ಅಚ್ಚಾಗಬೇಕೆಂದು ಸಂಪಾದಕ ಮಂಡಳಿಯನ್ನು ಇಲ್ಲಿಂದಲೇ ಕೇಳಿಕೊಳ್ಳುತ್ತೇನೆ.