ರೋಗಿಗೆ ತಿಳಿಯದ್ದು ಯಾವ ಸೀಮೆ ಕನ್ನಡ?

(ದಾವಣಗೆರೆ ವಿನೋಬನಗರದ ರಾಜ್ಯೋತ್ಸವ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಡಾಕ್ಟರಲ್ಲ, ಪಂಡಿತನೂ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ನಮ್ಮೂರಲ್ಲಿ 1965ರಿಂದ ಮೆಡಿಕಲ್ ಕಾಲೇಜಿದೆ, ಎಲ್ಲಿ ನೋಡಿದರೂ ನರ್ಸಿಂಗ್ ಹೋಂ ಇವೆ. ಅವರ ಚೀಟಿ, ಕರಪತ್ರ, ಒಪ್ಪಿಗೆ ಪತ್ರ ಅಚ್ಚು ಹಾಕಿ ಅನ್ನ ತಿನ್ನುವವನು ನಾನು. ಆದ್ದರಿಂದ ಈ ತಪ್ಪಿನಲ್ಲಿ ನನ್ನದೂ ಪಾಲಿದೆ.

ಕೆಲವು ವರ್ಷಗಳ ಹಿಂದೆ ಒಂದು ಕರಪತ್ರ ಅಚ್ಚಿಗೆ ಬಂತು. 'ಮಕ್ಕಳ ಭೇದಿ: ನಿರ್ಜಲೀಕರಣ ಚಿಕಿತ್ಸೆ' ಎಂದು ದಪ್ಪಕ್ಷರದ ತಲೆಬರಹ. ಅಕ್ಷರ ತಪ್ಪಿಲ್ಲವೆಂದು ನಾನೇ ಪ್ರೂಫ್ ನೋಡಿ ಬಿಟ್ಟೆ. ನಮ್ಮಲ್ಲಿ ಹಾಳೆ ಮಡಿಸುವ ಒಬ್ಬ ತಾಯಿ ಅದನ್ನು ಮನೆಗೆ ಒಯ್ದರು. ಮೊಮ್ಮಗುವಿಗೆ ಭೇದಿ ಹತ್ತಿದಾಗ ನೀರನ್ನೇ ನಿಲ್ಲಿಸಿಬಿಟ್ಟರು! ಮಗು ಡ್ರಿಪ್ ಮೇಲೆ ಮಲಗಿ ಉಳಿಯಿತು. ಕೇಳಿದರೆ, "ನಿರ್ಜಲ ಏಕಾದಶಿ ಅಂದ್ರೆ ನೀರು ಮುಟ್ಟಬಾರ್ದು ಅಲ್ವೇನಣ್ಣ? ಇದೂ ಹಂಗೇ ಅನ್ಕಂಡೆ" ಅಂದರು.

ಆಕೆ ದಡ್ಡಿಯಲ್ಲ. ಓದಿದಳು, ನಂಬಿದಳು. ದಡ್ಡರು ನಾವು!

ಆಮೇಲೆ ನನ್ನ ಖರ್ಚಿನಲ್ಲೇ ಇನ್ನೊಂದು ಹಾಕಿದೆ: 'ಭೇದಿಯಾದರೆ ಮೈಯ ನೀರು ಬತ್ತುತ್ತದೆ. ಕುಡಿಸುತ್ತಲೇ ಇರಿ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರವಾಗಬಾರದು, ಮಟ್ಟವಾಗಿರಲಿ. ಮಗು ಸುಸ್ತಾದರೆ ಆಸ್ಪತ್ರೆಗೆ ಓಡಿ.' ಇದರ ಅರ್ಥ ಕೇಳಲು ಯಾರೂ ಬರಲಿಲ್ಲ.

ಪತ್ರಿಕೆಯವರಿಗೂ ಒಂದು ಮಾತು. 2006ರಲ್ಲಿ ರಾಜ್ಯದ ತುಂಬ ಚಿಕುನ್‌ಗುನ್ಯ ಹಬ್ಬಿತು. ಹೆಸರು ಕೇಳಿ ನಮ್ಮ ಬೀದಿಯಲ್ಲಿ ಕೆಲವರು ಚಿಕನ್ ತಿನ್ನುವುದನ್ನೇ ಬಿಟ್ಟರು. ಸೊಳ್ಳೆ ಮಾತ್ರ ತೊಟ್ಟಿಯಲ್ಲಿ ಹಾಯಾಗಿತ್ತು! ಆ ಹೆಸರು ಆಫ್ರಿಕದ ಮಕೊಂಡೆ ಜನರ ಆಡುಮಾತು. ಕೀಲುನೋವಿಗೆ ಮೈ ಬಾಗಿಹೋಗುವುದು ಎಂದರ್ಥ. ಆ ಜನರ ಮಾತನ್ನು ಜಗತ್ತಿನ ಡಾಕ್ಟರುಗಳೇ ಒಪ್ಪಿದ ಮೇಲೆ, ನಮ್ಮ ಜನರ ಮಾತು ಯಾಕೆ ಬೇಡ?

ನಮ್ಮಲ್ಲೂ ಆಗಿದೆ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನಕ್ಕೂ ಜ್ವರ ಬಂತು. ಜನ 'ಮಂಗನ ಕಾಯಿಲೆ' ಎಂದರು. ಇಂದು ಡಾಕ್ಟರು, ಪತ್ರಿಕೆ, ಸರ್ಕಾರ ಎಲ್ಲರ ಬಾಯಲ್ಲೂ ಅದೇ. ಆದರೆ ಜನಕ್ಕೆ ಅದನ್ನು ಅಂಟಿಸುವುದು ಉಣ್ಣೆಯ ಕಡಿತ. ಹೆಸರು ಜನರದ್ದಿರಲಿ, ಜೊತೆಗೆ ಈ ಒಂದು ಸಾಲು ಡಾಕ್ಟರು ಸೇರಿಸಲಿ. ಡಾ. ಅನುಪಮಾ ನಿರಂಜನ 'ತಾಯಿ-ಮಗು' ಬರೆದು ವೈದ್ಯವನ್ನು ಕನ್ನಡದಲ್ಲಿ ಹೇಳಿ ತೋರಿಸಲಿಲ್ಲವೇ?

ಬಂಧುಗಳೇ, ಆಸ್ಪತ್ರೆಯ ಬೋರ್ಡು ಕನ್ನಡವಾದರೆ ಸಾಲದು. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಒಪ್ಪಿಗೆ ಪತ್ರ ಕನ್ನಡವಾಗಲಿ, ಅದೂ ಹೆಬ್ಬೆಟ್ಟಿನವರಿಗೆ ತಿಳಿಯುವ ಕನ್ನಡ. ನನ್ನ ಪ್ರೆಸ್ಸಿನಲ್ಲಿ ಈಗ ಒಂದು ಕಟ್ಟಳೆ ಇದೆ: ಕಾಯಿಲೆಯ ಕರಪತ್ರ ಯಾವುದೇ ಬರಲಿ, ಮೊದಲು ಆ ತಾಯಿಗೆ ಓದಿ ಹೇಳುತ್ತೇನೆ. ಆಕೆ ತಲೆಯಾಡಿಸಿದರೆ ಮಾತ್ರ ಮಿಷನ್ ತಿರುಗುತ್ತದೆ.

ಸಿರಿಗನ್ನಡಂ ಗೆಲ್ಗೆ!